ಎಕ್ಕೆಗಿಡದ ಬಂಗಾರದ ಚುಕ್ಕಿ

ಗೋಕಾಕದ ಫೋಟೋ ಪಾಯಪ್ಪ ಮೂರನೆಯ ಮದುವೆಗೆ ಸಿದ್ಧನಾಗಿದ್ದಾನೆ ಎಂದು ನಾವು ಓಣಿಯವರೆಲ್ಲ ನಂಬಿದ್ದೆವು. ಕಾರಣವೂ ಇತ್ತು. ಎರಡು ಸಲ ಹೆಂಡತಿಯನ್ನು ಕಳೆದುಕೊಂಡವನು ಮೂರನೆಯವಳನ್ನು ತರುವ ಮೊದಲು ಎಕ್ಕೆಯ ಗಿಡಕ್ಕೆ ತಾಳಿ ಕಟ್ಟುವ ರೂಢಿ ಕೆಲವರಲ್ಲಿದೆ. ಪಾಯಪ್ಪ ಎರಡು ಸಲ ವಿಧುರ. ಈಗ ನೋಡಿದರೆ ಅಂಕಲಗಿ ರಸ್ತೆಯ ಬದಿಯ ಎಕ್ಕೆಗಿಡದ ಮುಂದೆ, ತಲೆಗೆ ಕರಿ ಅರಿವೆ ಹೊದ್ದು, ಬೆಳಗಿನಿಂದ ಬಗ್ಗಿ ನಿಂತಿರುತ್ತಿದ್ದ. ಪಾಯಪ್ಪ ಜೈನ, ಜೈನರಲ್ಲಿ ಅಂಥ ಪದ್ಧತಿ ಉಂಟೋ ಇಲ್ಲವೋ ಎಂದು ವಿಚಾರಿಸುವಷ್ಟು ವ್ಯವಧಾನ ಯಾರಿಗಿತ್ತು? ನಾವು ಆಗಲೇ ಘೋಡಗೇರಿಯಲ್ಲಿ ಹೆಣ್ಣನ್ನೂ ಗೊತ್ತು ಮಾಡಿಬಿಟ್ಟಿದ್ದೆವು.

ಅರಿವೆಯೊಳಗೆ ಇದ್ದದ್ದು ಕ್ಯಾಮೆರಾ. ಎಲೆಯ ಕೆಳಗೆ ನೇತಾಡುತ್ತಿದ್ದದ್ದು ಶೇಂಗಾದಷ್ಟು ದೊಡ್ಡ ಒಂದು ಪಾತರಗಿತ್ತಿಯ ಗೂಡು. ಅದರ ಮೈಮೇಲೆ ಸಾಸಿವೆಗಿಂತ ಸಣ್ಣ ಬಂಗಾರದ ಚುಕ್ಕಿಗಳ ಸಾಲು. ಅದನ್ನು ಕಂಡ ಸಂಭ್ರಮದಲ್ಲಿ ಪಾಯಪ್ಪ ಪೇಟೆಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಅರಳೆ ವ್ಯಾಪಾರಿ ದಾದಾಸಾಹೇಬರು ಹತ್ತು ಮಂದಿಯ ಮುಂದೆ ನಕ್ಕರು.

“ಹುಳದ ಗೂಡಿಗೆ ಬಂಗಾರ? ಪಾಯಪ್ಪ, ನಿನ್ನ ಕಣ್ಣು ಹೋದೂ ನೋಡು!”

“ಬಂದು ನೋಡ್ರಿ, ಸಾಹುಕಾರ್ರ.”

“ನಾನು? ರಸ್ತಾದಾಗ ಎಕ್ಕಿ ಗಿಡಕ್ಕ ಬಗ್ಗಾಕ? ಮಂದಿ ಏನಂದಾರು! ಇದ್ರ ಇಲ್ಲೆ ತಂದು ತೋರಸು.”

ಸಾಹುಕಾರರ ಮಾತು ಅಂಗಡಿಯಿಂದ ಅಂಗಡಿಗೆ ಹೋಗುತ್ತ ದಪ್ಪವಾಯಿತು. ಫೋಟೋದವನಿಗೆ ಕಣ್ಣೇ ಕಾಣುವುದಿಲ್ಲವಂತೆ! ಮದುವೆಯ ಫೋಟೋಕ್ಕೆ ಪಾಯಪ್ಪನನ್ನು ಗೊತ್ತು ಮಾಡಿದ್ದ ಹುಕ್ಕೇರಿಯವರು ಬೇರೆ ಫೋಟೋದವನನ್ನು ಹುಡುಕತೊಡಗಿದರು. ಅಪ್ಪನ ಕಾಳಿನ ಅಂಗಡಿ ಬಿಟ್ಟು, ಬೈಸಿಕೊಂಡು ಕಲಿತ ಕಸಬು ಅದು. ಕಣ್ಣೇ ಬಂಡವಾಳ. ಆ ಚುಕ್ಕಿಗಳನ್ನು ಊರಿಗೆಲ್ಲ ಕಾಣುವಂತೆ ತೆಗೆದೇ ತೀರುತ್ತೇನೆಂದು ಪಾಯಪ್ಪ ಹಟ ಹಿಡಿದ.

ಹತ್ತಿರ ಹೋದಷ್ಟೂ ಕ್ಯಾಮೆರಾ ಜಿಪುಣವಾಗುತ್ತದೆ. ಕೂದಲೆಳೆಯಷ್ಟು ಜಾಗವನ್ನು ನಿಚ್ಚಳ ಮಾಡಿ ಉಳಿದದ್ದಕ್ಕೆಲ್ಲ ಮಂಜು ಬಳಿದುಬಿಡುತ್ತದೆ. ಚಿತ್ರ ಮೂಡುವ ಒಂದು ಗಾಜಿನ ಪ್ಲೇಟಿನಲ್ಲಿ ಎಲೆಯ ನರಗಳು ಚೆಂದ ಬಂದವು, ಗೂಡು ಕರಗಿತು. ಇನ್ನೊಂದರಲ್ಲಿ ಗೂಡಿನ ತುದಿ ಬಂತು, ಚುಕ್ಕಿ ಕರಗಿತು. ಮಸೂರದ ಕಂಡಿ ಕಿರಿದು ಮಾಡಿದರೆ ನಿಚ್ಚಳ ಬರುವ ಜಾಗ ಹಿಗ್ಗುತ್ತದೆ, ನಿಜ. ಆದರೆ ಅಷ್ಟು ಸಣ್ಣ ಕಂಡಿಯಲ್ಲಿ ಬೆಳಕು ತುಂಬಲು ಹೊತ್ತು ಬೇಕು, ಅಷ್ಟರಲ್ಲಿ ಗಾಳಿ ಬಂದು ಗೂಡನ್ನು ತೊಟ್ಟಿಲಂತೆ ತೂಗುತ್ತಿತ್ತು.

“ಆ ಟೊಂಗಿ ಕಡದು ಮನಿಗೆ ತಾರೋ. ಗಾಳಿನೂ ಇಲ್ಲ, ಗೀಳಿನೂ ಇಲ್ಲ,” ಎಂದಳು ಅಕ್ಕ ಜಿನ್ನವ್ವ.

“ಎಲಿ ಬಾಡಿ ಉದುರಿದ್ರ? ಒಳಗ ಜೀವ ಐತೆಕ್ಕಾ.”

“ನನ್ನೊಳಗ ಇಲ್ಲೇನು? ಅದನ್ಯಾಕ ತಿಂತಿ?”

ಒಂದು ಬೆಳಿಗ್ಗೆ ಗೂಡಿನ ಹಸಿರು ಮಾಸತೊಡಗಿತ್ತು. ಒಳಗೆ ಮಡಿಸಿಟ್ಟ ರೆಕ್ಕೆಯ ನೆರಳು ಕಾಣುತ್ತಿತ್ತು. ಇವತ್ತು ತಪ್ಪಿದರೆ ನಾಳೆ ಬರಿ ಸಿಪ್ಪೆ. ಪಾಯಪ್ಪ ಧೋತರ ಮೇಲೆ ಕಟ್ಟಿ ಮಣ್ಣಿನಲ್ಲೇ ಕುಳಿತ. ಆಗ ಹೊಳೆಯಿತು, ಇಷ್ಟು ದಿನ ತಾನು ಗೂಡನ್ನು ಮೇಲಿನಿಂದ, ಓರೆಯಾಗಿ ನೋಡಿದ್ದೆ ಎಂದು. ಕ್ಯಾಮೆರಾವನ್ನು ಕೆಳಗಿಳಿಸಿ ಚುಕ್ಕಿಗಳ ಸಾಲಿಗೆ ನೇರ ಎದುರು ನಿಲ್ಲಿಸಿದ. ಈಗ ಎಲ್ಲ ಚುಕ್ಕಿಗಳೂ ಮಸೂರಕ್ಕೆ ಒಂದೇ ದೂರ. ಮಸೂರವನ್ನು ಮುಟ್ಟದೆ ಇಡೀ ಕ್ಯಾಮೆರಾವನ್ನೇ ಎಳ್ಳಷ್ಟು ಹಿಂದೆ, ಎಳ್ಳಷ್ಟು ಮುಂದೆ ಸರಿಸಿದ. ಕ್ಯಾಮೆರಾದ ಹಿಂಬದಿಯ, ಬಿಂಬ ಬೀಳುವ ಗಾಜಿಗೆ ಗಡಿಯಾರ ರಿಪೇರಿಯವನ ಭೂತಗನ್ನಡಿ ಹಿಡಿದು ನೋಡಿದ. ತಲೆಕೆಳಗಾದ ಚುಕ್ಕಿಗಳು ಒಂದೊಂದಾಗಿ ಸೂಜಿಮೊನೆಯಾದವು.

ಜೊತೆಗೆ ಬಂದಿದ್ದ ಜಿನ್ನವ್ವ ಗೊಣಗುತ್ತಲೇ ಗಾಳಿಗೆ ಅಡ್ಡ ಕೌದಿ ಹಿಡಿದು ನಿಂತಳು.

“ಅಕ್ಕಾ, ಉಸರು ಬಿಡಬ್ಯಾಡ.”

“ಸತ್ತುಗಿತ್ತು ಹೋದೇನೋ!”

“ಇದು ಮುಗೀಲಿ, ಆಮ್ಯಾಲ.”

ಮಸೂರದ ಮುಚ್ಚಳ ತೆಗೆದ. ಎಲೆ ಮಿಸುಕಲಿಲ್ಲ. ಮುಚ್ಚಳ ಹಾಕಿದ. ಜಿನ್ನವ್ವ ಬಿಟ್ಟ ಉಸಿರಿಗೆ ಗೂಡು ಗಿರಗಿರ ತಿರುಗಿತು.

ಮರುವಾರ ಆ ಚಿತ್ರ ಪಾಯಪ್ಪನ ಅಂಗಡಿಯ ಬಾಗಿಲಲ್ಲಿ ತೂಗಿತು. ಬಂಗಾರ ಕಪ್ಪು-ಬಿಳುಪಿನಲ್ಲಿ ಬೆಳ್ಳಗಾಗಿತ್ತು, ಆದರೆ ಚುಕ್ಕಿಗಳು ಎಣಿಸುವಂತಿದ್ದವು. ಹುಕ್ಕೇರಿಯ ಮದುವೆಯವರು ಏನೂ ಆಗದವರಂತೆ ಬಂದು ಮುಹೂರ್ತ ಹೇಳಿ ಹೋದರು. ದಾದಾಸಾಹೇಬರೂ ಬಂದರು. ಬಹಳ ಹೊತ್ತು ನೋಡಿದರು. ಕಣ್ಣಿನ ಮಾತು ಎತ್ತಲಿಲ್ಲ. ಕೊನೆಗೆ ತಮ್ಮ ಭರ್ಜರಿ ಮೀಸೆಯನ್ನು ಎರಡೂ ಕೈಯಿಂದ ತೀಡಿಕೊಂಡರು.

“ಹುಳದ್ದ ಇಷ್ಟು ಚಂದ ಬಂದೈತಿ ಅಂದ್ರ, ಇಷ್ಟ ಹತ್ತರ ಬಂದು ತಗದ್ರ ನನ್ನ ಮಾರಿ ಎಷ್ಟು ಚಂದ ಬರಬೇಕು, ಪಾಯಪ್ಪ?”

“ಮೂಗಷ್ಟ ಬರತೈತ್ರಿ. ಮೀಸಿ ಬೇಕಂದ್ರ ದೂರ ಕುಂದರ್ರಿ.”