ದೀಪ ಹಚ್ಚದ ಅಂಗಡಿ

ಅದು ೧೯೪೩ರ ಚಳಿಗಾಲವಿರಬೇಕು. ಯುದ್ಧದ ಕಾಲ, ನಮ್ಮ ಕಡೆ ನಿಜಾಮರ ಆಳ್ವಿಕೆ. ವಾಡಿಯಲ್ಲಿ ಬೆಳೆದ ನಾನು ಮದುವೆಯಾಗಿ ಕೊಡ್ಲಿ ಎಂಬ ಊರಿನ ಹತ್ತಿರದ ಗಂಡನ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮನೆ ಇದ್ದದ್ದು ಹೊಲದಲ್ಲೇ. ಗಾಡಿದಾರಿಗೆ ಮುಖ ಮಾಡಿದ ಹೊರಗಿನ ಕೋಣೆಯೇ ಅಂಗಡಿ. ನಾವೇ ಬೆಳೆದ ಜೋಳ, ತೊಗರಿ ಬೇಳೆ, ಮೆಣಸಿನಕಾಯಿ, ಅಜವಾನ ಅಂದರೆ ಓಮ, ಎಲ್ಲ ಅಲ್ಲೇ ಮಾರುತ್ತಿದ್ದೆವು. ಕಡ್ಡಿಪೆಟ್ಟಿಗೆ ಮಾತ್ರ ಆಗ ಹುಡುಕಿದರೂ ಸಿಗುತ್ತಿರಲಿಲ್ಲ. ಒಲೆ ಆರಿದವರು ನಮ್ಮಲ್ಲಿಗೆ ಬಂದು ಕೆಂಡ ಒಯ್ಯುತ್ತಿದ್ದರು. ಕೆಂಡ ಪುಕ್ಕಟೆ, ಆದರೆ ಒಂದು ಕಟ್ಟಳೆ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ಮನೆಯ ಬೆಂಕಿಯನ್ನು ಹೊರಗೆ ಕೊಡುವ ಹಾಗಿರಲಿಲ್ಲ. ಕೊಟ್ಟರೆ ಅದರ ಜೊತೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎಂದು ಎಲ್ಲರೂ ನಂಬಿದ್ದರು.

ಒಂದು ಮುಂಜಾನೆ ಸಾಬಮ್ಮ ಬಂದಳು. ನಮ್ಮ ಹೊಲದ ಆಚೆ ತುದಿಯ ಗುಡಿಸಲಿನಲ್ಲಿದ್ದು ಜೋಳ ಕಾಯುತ್ತಿದ್ದ ಮುದುಕಿ ಅವಳು. ನಮ್ಮ ಅತ್ತೆ ಅವಳ ಜೊತೆ ಏನೋ ಪಿಸುಗುಟ್ಟಿ, ಒಂದಿಷ್ಟು ಅಜವಾನ ಕಟ್ಟಿಕೊಡಲು ಹೋದರು. ಸಾಬಮ್ಮ ಗಾಬರಿಯಾಗಿ ಹಿಂದೆ ಸರಿದಳು.

“ಈಗ ಬ್ಯಾಡ್ರಿ ಅವ್ವಾರ. ಆಮ್ಯಾಲೆ ನಾನೇ ಬರ್ತೀನಿ.”

ಎಲ್ಲದರಲ್ಲೂ ಮೂಗು ತೂರಿಸುವುದು ನನ್ನ ಹುಟ್ಟುಗುಣ. ಅವಳು ಹೋದ ತಕ್ಷಣ ಕೇಳಿದೆ, “ಏನದರಿ ಅತ್ತಿ?”

“ಏನಿಲ್ಲ. ನೀ ಬ್ಯಾಳಿ ಹಸನ ಮಾಡು.”

ಬೇಳೆ ಹಸನು ಮಾಡಿದೆ, ಆದರೆ ಕಣ್ಣೆಲ್ಲ ಅತ್ತೆಯ ಮೇಲೇ ಇತ್ತು. ಅವರು ದಿನವಿಡೀ ಗಿರಾಕಿಗಳಿಗೆ ಅಳೆದು ಕೊಡುತ್ತಲೇ ಹೊಲದ ದಾರಿ ನೋಡುತ್ತಿದ್ದರು. ಮಧ್ಯಾಹ್ನ ಒಲೆಗೆ ಸುಮ್ಮಸುಮ್ಮನೆ ಸಗಣಿಯ ಕುಳ್ಳು ಒಟ್ಟಿದರು. ನನಗಂತೂ ತಲೆ ಕೆಟ್ಟುಹೋಯಿತು.

ಚಳಿಗಾಲದ ಹೊತ್ತು ಬೇಗ ಮುಳುಗಿತು. ನಮ್ಮ ತವರಿನಲ್ಲಿ ಸೂರ್ಯ ಇಳಿಯುವ ಮೊದಲೇ ದೀಪ ಹಚ್ಚುತ್ತಿದ್ದರು. ಇಲ್ಲಿ ಕತ್ತಲಾದರೂ ಅತ್ತೆ ಅಲ್ಲಾಡಲಿಲ್ಲ.

“ಅತ್ತಿ, ದೀಪ ಹಚ್ಚಲೇನ್ರಿ?”

“ತಡಿ.”

ಅಂಗಡಿಯಲ್ಲಿ ನನ್ನ ಗಂಡ ಕತ್ತಲಲ್ಲೇ ತಡಕಾಡುತ್ತಿದ್ದರು. ಯಾರೋ ಬೇಳೆ ಕೇಳಿದರೆ ಮೆಣಸಿನಕಾಯಿ ಬುಟ್ಟಿಗೆ ಕೈ ಹಾಕಿ ಸೀನಲು ಹತ್ತಿದರು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಹೊಲದಿಂದ ಬಂದ ಮಾವ ಬಾಗಿಲಲ್ಲೇ ಚೀಲವೊಂದನ್ನು ಎಡವಿದರು. ದೀಪ ಹಚ್ಚಿ, ಲಿಂಗಪೂಜೆ ಮುಗಿಸದೆ ಹನಿ ನೀರು ಮುಟ್ಟದವರು ಅವರು.

“ಏನಿದು, ಎಲ್ಲಾರೂ ಕತ್ತಲದಾಗ ಕುಂತೀರಿ?”

“ಒಬ್ಬಾಕಿ ಬರೋದದ. ದೀಪ ಹಚ್ಚಿದ್ರ ಆಕಿಗಿ ಬೆಂಕಿ ಕೊಡಾಕ ಬರಂಗಿಲ್ಲ,” ಎಂದರು ಅತ್ತೆ.

“ಯಾರಾಕಿ? ಮುಂಜಾನಿನೇ ಒಯ್ಯಬೇಕಿತ್ತಿಲ್ಲ?”

“ಅದನ್ನ ಈಗ ಬಾಯಿ ಬಿಟ್ಟು ಹೇಳಾಕ ಬರಂಗಿಲ್ರಿ. ಜರಾ ತಡೀರಿ.”

ಮಾವ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತರು. ಆಮೇಲೆ ಅವರ ಸಹನೆ ಮುಗಿಯಿತು. ಹಣತೆ ಎತ್ತಿಕೊಂಡು ಒಲೆಯ ಕಡೆ ನಡೆದೇಬಿಟ್ಟರು. ಅತ್ತೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. ಮಾವನ ಎದುರು ಅವರು ಹಾಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಹೊರಗಿನಿಂದ ಏದುಸಿರಿನ ದನಿ ಕೇಳಿಸಿತು. “ಅವ್ವಾರ, ಇನ್ನಾ ದೀಪ ಹಚ್ಚಿಲ್ಲಲ್ರಿ?”

ಸಾಬಮ್ಮ! ಕೈಯಲ್ಲಿ ಒಡೆದ ಗಡಿಗೆಯ ತುಂಡು ಹಿಡಿದು ನಿಂತಿದ್ದಳು.

“ಈಗ ಸೊಸಿ ಹಡದಾಳ್ರಿ, ಹೆಣ್ಣ ಕೂಸು. ಮುಂಜಾನಿಂದ ಆಕಿ ಬಾಜೂಕೇ ಕುಂತು ನಮ್ಮ ಒಲಿ ಆರಿ ಹೋಗ್ಯದ. ಮಗ ಗಾಡಿ ಹೊಡಕೊಂಡು ಚಿತ್ತಾಪುರಕ್ಕ ಹೋಗ್ಯಾನ. ಕೂಸು ಥಂಡಿಗಿ ನೀಲಿ ಆಗಾಕತ್ತದ್ರಿ.”

ಆಗ ನನಗೆ ಎಲ್ಲವೂ ಅರ್ಥವಾಯಿತು. ಹೆರಿಗೆಗೆ ಮುಂಚೆ ಅಜವಾನವಾಗಲಿ, ಮೈ ಕಾಯಿಸುವ ಕೆಂಡವಾಗಲಿ, ಬಾಣಂತಿಯ ಯಾವ ಸಾಮಾನೂ ಮನೆಗೆ ತರಬಾರದು, ಆ ಮಾತೂ ಆಡಬಾರದು ಎಂಬುದು ಸಾಬಮ್ಮನ ಮನೆಯವರ ರೂಢಿ. ಮುಂಚೆ ಅವಳು ಒಯ್ಯುವಂತಿಲ್ಲ, ದೀಪ ಹಚ್ಚಿದ ಮೇಲೆ ನಾವು ಕೊಡುವಂತಿಲ್ಲ. ಎರಡನ್ನೂ ಮುರಿಯದೆ ಅತ್ತೆ ನಮ್ಮ ಸಂಜೆಯನ್ನೇ ತಡೆದು ನಿಲ್ಲಿಸಿದ್ದರು.

ಮಾವ ಹಣತೆ ಕೆಳಗಿಟ್ಟರು. “ಎಲ್ಲಾ ಕೆಂಡ ಹಾಕ್ರಿ,” ಎಂದು ಅವರೇ ಕೂಗಿದರು. ಹೊದ್ದಿದ್ದ ಕಂಬಳಿ ತೆಗೆದು ಸಾಬಮ್ಮನಿಗೆ ಕೊಟ್ಟರು. ಅತ್ತೆ ಅಜವಾನ, ಬೆಲ್ಲ ಕಟ್ಟಿಕೊಟ್ಟರು. ನನ್ನ ಗಂಡ ಕುಳ್ಳು ಹೊತ್ತು ಅವಳ ಜೊತೆ ಹೊರಟರು.

ಹೊರಡುವಾಗ ಸಾಬಮ್ಮ ಅತ್ತೆಯ ಕೈ ಹಿಡಿದುಕೊಂಡಳು. “ಓಡಿ ಬರಾಕತ್ತಿದ್ದೆರಿ, ಜೀವ ಕೈಯಾಗ ಇತ್ತು. ಬೆಳಕು ಕಂಡಿದ್ರ ನಾ ಕೇಳ್ತಿದ್ದಿಲ್ರಿ ಅವ್ವಾರ, ಅಲ್ಲಿಂದಲೇ ತಿರುಗಿ ಹೋಗ್ತಿದ್ದೆ. ನಿಮ್ಮನಿ ಕತ್ತಲ ನೋಡಿ ಕಾಲಿಗಿ ಬಲ ಬಂತು.”

ನಮ್ಮ ಒಲೆಯಲ್ಲಿ ಬೂದಿಯಷ್ಟೇ ಉಳಿದಿತ್ತು. ಅದನ್ನು ಕೆದಕಿ, ಸಿಕ್ಕ ಚೂರು ಕೆಂಡವನ್ನು ಅತ್ತೆ, ನಾನು ಕಣ್ಣಲ್ಲಿ ನೀರು ಬರುವವರೆಗೆ ಊದಿ ದೀಪ ಹಚ್ಚಿದೆವು. ಸ್ವಲ್ಪ ಹೊತ್ತಿನಲ್ಲಿ ನನ್ನ ಗಂಡ ಮರಳಿ ಬಂದು, “ಕೂಸು ಜೋರಾಗಿ ಅಳಾಕತ್ತದ,” ಎಂದರು. ಮಾವ ಆಮೇಲೆ ಪೂಜೆಗೆ ಕೂತರು.

ಅತ್ತೆಯ ನಂತರ ಆ ಅಂಗಡಿಯ ದೀಪ ಹಚ್ಚುವ ಪಾಳಿ ನನ್ನದಾಯಿತು. ಅವರ ಮೇಲಿನ ನನ್ನ ಪ್ರೀತಿ ಇವತ್ತಿಗೂ ಒಂದು ತೊಲದಷ್ಟೂ ಕಡಿಮೆಯಾಗಿಲ್ಲ. ಈಗ ಗುಂಡಿ ಒತ್ತಿದರೆ ಮನೆಯೆಲ್ಲ ಬೆಳಕಾಗುತ್ತದೆ, ಬೆಂಕಿ ಕೇಳಿ ಯಾರೂ ಬರುವುದಿಲ್ಲ. ಆದರೂ ಸಂಜೆ ಗುಂಡಿಗೆ ಕೈ ಹಾಕುವ ಮೊದಲು ನಾನು ಒಮ್ಮೆ ಹೊರಗೆ ಬಂದು ದಾರಿ ನೋಡುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ, ಯಾರಾದರೂ ಬರುತ್ತಿರಬಹುದಲ್ಲ.