ಅರ್ಥವಿಲ್ಲದ ಜೀಪು

ಉಗಾರ ಬುದ್ರುಕದ ಭೀಮಗೊಂಡನ ಹಳೆಯ ಜೀಪು ಅವನಿಗೆ ಬಂಗಾರ, ಹೆಂಡತಿ ಸೋನಾಬಾಯಿಗೆ ಭಂಗಾರ. ಗಡಿಯ ಊರುಗಳಲ್ಲಿ ಗುಜರಿಗೆ ಮರಾಠಿಯ ಈ ಹೆಸರೇ ಚಾಲ್ತಿ. ಒಂದು ಮಹಾಪ್ರಾಣದ ಈ ಅಂತರ ಆ ಮನೆಯಲ್ಲಿ ಇವತ್ತಿಗೂ ಬಗೆಹರಿದಿಲ್ಲ.

ಹೋದ ದೀಪಾವಳಿ ಕಳೆದದ್ದೇ ಜೀಪಿಗೆ ಒಂದು ವಿಚಿತ್ರ ರೋಗ ಹತ್ತಿತು. ಕೀಲಿ ತಿರುವಿದರೆ ಒಮ್ಮೆ ಗುಡುಗುತ್ತದೆ. ಇನ್ನೊಮ್ಮೆ ‘ಟಕ್’ ಎಂದು ಲೊಚಗುಟ್ಟಿ ಸುಮ್ಮನಾಗುತ್ತದೆ. ಭೀಮಗೊಂಡ ಹೊಸ ಬ್ಯಾಟರಿ ಹಾಕಿಸಿದ. ‘ಟಕ್’. ಅಥಣಿಗೆ ಒಯ್ದು ಸೆಲ್ಫ್ ಸ್ಟಾರ್ಟರ್ ಬಿಚ್ಚಿಸಿ ರಿಪೇರಿ ಮಾಡಿಸಿದ. ‘ಟಕ್’. ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರೆ ಚಾಲೂ ಆಗುತ್ತದೆಂದು ಸ್ವಂತ ಸಂಶೋಧನೆ ಮಾಡಿದ. ಅದು ಒಂದು ವಾರ ನಿಜವಾಗಿತ್ತು. ದೂಡಿದವರಿಗೆಲ್ಲ ಚಹಾ ಖಾಯಂ ಆದ್ದರಿಂದ ಓಣಿಯವರು ಬೆಳಿಗ್ಗೆ ತಮ್ಮ ಮನೆಯಲ್ಲಿ ಚಹಾಕ್ಕೆ ಇಡುವುದನ್ನೇ ಬಿಟ್ಟರು.

ಕಾಗವಾಡದ ಮೆಕ್ಯಾನಿಕ್ ಬಸವಂತನ ಮುಂದೆ ಮಾತ್ರ ಜೀಪು, ಡಾಕ್ಟರನ್ನು ಕಂಡ ಕೂಸಿನಂತೆ, ಇದ್ದ ಕೆಮ್ಮನ್ನೆಲ್ಲ ಮರೆತು ಒಂದೇ ಹೊಡೆತಕ್ಕೆ ಚಾಲೂ.

“ಕಾಕಾ, ಜಡ್ಡ ಗಾಡಿಗೆ ಐತೋ, ನಿಮಗೋ?” ಎಂದ ಬಸವಂತ.

“ಲೇ, ನಿನ್ನ ಮುಂದ ನಾಟಕಾ ಮಾಡತೈತಿ ಇದು! ಮನ್ಯಾಗ ಬಂದ ನೋಡ ಇದರ ಬಣ್ಣಾ!”

ಕಡೆಗೊಂದು ದಿನ ಗ್ಯಾರೇಜಿನ ಎದುರೇ ‘ಟಕ್’ ಎಂದಿತು. ಭೀಮಗೊಂಡ ಲಾಟರಿ ಹತ್ತಿದವನಂತೆ ಕುಣಿದಾಡಿದ. ಬಸವಂತ ಜೀಪಿನಡಿ ತೂರಿದ. ಬಹಳ ಹೊತ್ತು ಅವನ ಕಾಲುಗಳಷ್ಟೇ ಕಾಣುತ್ತಿದ್ದವು. ಆಮೇಲೆ ದನಿ ಬಂತು.

“ಕಾಕಾ, ಇದಕ್ಕ ಅರ್ಥ ಇಲ್ರಿ.”

“ಏನಂದಿ?”

“ಅರ್ಥ ಇಲ್ರಿ! ಒಮ್ಮೆ ಬರ್ತೈತಿ, ಒಮ್ಮೆ ಹೋಗತೈತಿ. ಅರ್ಥ ಇಲ್ಲದ ಗಾಡಿ ಹ್ಯಾಂಗ ಚಾಲೂ ಆಗಬೇಕ್ರಿ?”

ನಮ್ಮಂಥ ಬರೆಯುವವರು ಈ ಮಾತಿಗೆ ಒಗ್ಗಿಹೋಗಿದ್ದೇವೆ. ಭೀಮಗೊಂಡನಿಗೆ ಅದು ಹೊಸದು. ಸಂಪತ್ತಿಗೆ ಅರ್ಥವಿಲ್ಲ, ಸಂಸಾರಕ್ಕೆ ಅರ್ಥವಿಲ್ಲ ಎಂದು ಬಸದಿಯ ಪ್ರವಚನದಲ್ಲಿ ಕೇಳಿ ಅವನು ತಲೆದೂಗಿದ್ದುಂಟು. ಜೀಪಿನ ಬಗ್ಗೆ ಮಾತ್ರ ಯಾವ ಮುನಿಗಳೂ ಹಾಗೆ ಅಂದಿರಲಿಲ್ಲ. ಬಸವಂತ ಹೊರಬಂದು ಬಾಯಿ ತೆರೆಯುವಷ್ಟರಲ್ಲಿ, “ಅರ್ಥ ನಿನ್ನ ಮಾತಿಗಿಲ್ಲಲೇ!” ಎಂದು, ದಾರಿಹೋಕರಿಂದ ದೂಡಿಸಿಕೊಂಡು ಮನೆಗೆ ಹೊರಟೇಬಿಟ್ಟ.

ಸುದ್ದಿ ಕೇಳಿ ಸೋನಾಬಾಯಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ಶ್ಯಾಣ್ಯಾ ಹುಡುಗ ಅಂವಾ. ನಾ ಅಂದ್ರ ಸಿಟ್ಟ ಬರ್ತಿತ್ತು. ಐತವಾರ ನಿಪ್ಪಾಣ್ಯಾಗ ತಂಗಿ ಮಗಳ ಸಾಕರಪುಡಾ ಐತಿ. ಅವತ್ತ ಇದು ಟಕ್ ಅಂದ್ರ ಕಾಕಾಸಾಹೇಬ ಒಯ್ತಾರ, ನೋಡ್ರಿ.”

ಕಾಕಾಸಾಹೇಬನೆಂದರೆ ಗುಜರಿ ವ್ಯಾಪಾರಿ. ಸಾಕರಪುಡಾ ಎಂದರೆ ನಿಶ್ಚಿತಾರ್ಥ. ಅಲ್ಲಿ ಅರ್ಥ ನಿಶ್ಚಿತ, ಇಲ್ಲಿ ಅರ್ಥವೇ ಅನಿಶ್ಚಿತ.

ಭಾನುವಾರ ಸೋನಾಬಾಯಿ ರೇಷ್ಮೆ ಸೀರೆಯುಟ್ಟು ಅಂಗಳಕ್ಕೆ ಬರುವ ಹೊತ್ತಿಗೆ ಕಾಕಾಸಾಹೇಬನ ಪಿಕಪ್ ಬಂದು ನಿಂತಿತ್ತು. ಭೀಮಗೊಂಡ ಕಣ್ಣು ಮುಚ್ಚಿ ಕೀಲಿ ತಿರುವಿದ. ‘ಟಕ್’. ಕಾಕಾಸಾಹೇಬ ಪಿಕಪ್ಪಿನಿಂದ ಇಳಿದು, ಎಮ್ಮೆ ಕೊಳ್ಳುವವನಂತೆ ಜೀಪಿನ ಬೆನ್ನು ತಟ್ಟುತ್ತ ಸುತ್ತು ಬಂದ.

“ಕೀಲಿ ಕೊಡ್ರಿ ಅವರಿಗೆ,” ಎಂದಳು ಸೋನಾಬಾಯಿ.

“ಜೀವಾ ಕೊಟ್ಟೇನು, ಕೀಲಿ ಕೊಡಾಂಗಿಲ್ಲ.”

ಸಾಕ್ಷಿ ಹೇಳಿಸಲು ಸೋನಾಬಾಯಿ ಬಸವಂತನಿಗೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಇಟ್ಟಳು.

“ಬಸವಂತಾ, ನಮ್ಮ ಗಾಡಿಗೆ ಅರ್ಥ ಇಲ್ಲಂದಿದ್ದಿಯಲ್ಲ, ಇವರಿಗೆ ಇನ್ನೊಮ್ಮೆ ಹೇಳಪಾ.”

“ಹೌದ್ರಿ ಕಾಕು, ಇಲ್ಲೇ ಇಲ್ಲ. ಕಾಕಾ ಪೂರಾ ಕೇಳದ ಓಡಿದ್ರು. ಬಣ್ಣಾ ಕೆರದ್ರ ಅರ್ಥ ಬರ್ತೈತ್ರಿ.”

ಇಷ್ಟು ಆಳದ ಮಾತು ಪ್ರವಚನದಲ್ಲೂ ಬಂದಿರಲಿಲ್ಲ.

“ಎಂಥಾ ಅರ್ಥಲೇ ಅದು?” ಭೀಮಗೊಂಡ ಫೋನಿಗೆ ಬಾಗಿ ಕೇಳಿದ.

“ಅರ್ಥದ ವಾಯರ್ ಕಾಕಾ! ಬ್ಯಾಟರಿಯಿಂದ ಚಾಸಿಗೆ ಬಂದಿರತೈತಲ್ಲ, ಕರೀ ವಾಯರ್. ಯಾವನೋ ಶ್ಯಾಣ್ಯಾ ಅದರ ನಟ್ಟ ಬಿಚ್ಚಿ, ಅಡಿಗೂ ಬಣ್ಣಾ ಬಡದಾನ. ಕಬ್ಬಿಣಕ್ಕ ಕಬ್ಬಿಣ ಹತ್ತವಲ್ದು. ಅಲ್ಲಾಡಿದಾಗ ಒಮ್ಮೆ ಹತ್ತತೈತಿ, ಒಮ್ಮೆ ಬಿಡತೈತಿ.”

ಇಂಗ್ಲಿಷಿನ ‘ಅರ್ತ್’ ಗ್ಯಾರೇಜುಗಳಲ್ಲಿ ಎಂದೋ ‘ಅರ್ಥ’ವಾಗಿ ಕೂತಿತ್ತು, ಬಸದಿಯವರೆಗೆ ಸುದ್ದಿ ಮುಟ್ಟಿರಲಿಲ್ಲ, ಅಷ್ಟೆ.

ಎಲ್ಲರೂ ಭೀಮಗೊಂಡನ ಕಡೆ ನೋಡಿದರು. ದೀಪಾವಳಿಗೆ ಒಂದೊಂದು ನಟ್ಟೂ ಬಿಚ್ಚಿ, ಯಾರ ಕಣ್ಣಿಗೂ ಬೀಳದ ಜಾಗಕ್ಕೂ ಪ್ರೀತಿಯಿಂದ ಬಣ್ಣ ಬಳಿದ ಶ್ಯಾಣ್ಯಾ ಅವನೇ. ಪಾನಾ, ಪಾಲಿಶ್ ಕಾಗದ ಹಿಡಿದು, ಇಸ್ತ್ರಿ ಅಂಗಿಯಲ್ಲೇ ಜೀಪಿನಡಿ ತೂರಿದ. ಹೊರಬಂದಾಗ ಅಂಗಿ ನೋಡುವಂತಿರಲಿಲ್ಲ. ಕೀಲಿ ತಿರುವಿದ, ಜೀಪು ಗುಡುಗಿತು.

“ಬಂದ್ ಮಾಡ್ರಿ,” ಎಂದಳು ಸೋನಾಬಾಯಿ.

“ಯಾಕ?”

“ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ. ಇದರ ಮಾತ ನಾ ನಂಬೂದಿಲ್ಲ.”

ಮತ್ತೆ ಗುಡುಗಿತು. ಇನ್ನೊಮ್ಮೆ ಬೇಕೆಂದಳು, ಇನ್ನೊಮ್ಮೆಯೂ ಗುಡುಗಿತು. ಆಗ ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತಳು. ಕಾಕಾಸಾಹೇಬ ಮುಖ ಸಣ್ಣದು ಮಾಡಿ ತನ್ನ ಪಿಕಪ್ ಕಡೆ ತಿರುಗಿದ.

“ಎಲ್ಲಿ ಹೊಂಟ್ರಿ ಕಾಕಾಸಾಹೇಬ? ನಿಪ್ಪಾಣಿತನಕ ನಮ್ಮ ಹಿಂದ ಬರ್ರಿ. ಹ್ಯಾಂಗೂ ಊಟ ಐತಿ,” ಎಂದು ಸೋನಾಬಾಯಿ ಕೂಗಿದಳು.

ಮುಂದೆ ಜೀಪು, ಹಿಂದೆ ತಕ್ಕಡಿ ಹೊತ್ತ ಪಿಕಪ್, ಹೀಗೆ ಮೆರವಣಿಗೆ ಹೊರಟಿತು. ಭೀಮಗೊಂಡ ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡುತ್ತಿದ್ದ. ಚಿಕ್ಕೋಡಿಯಲ್ಲಿ ಗಾಡಿ ಬಂದ್ ಮಾಡಿ ಒಂದೀಟು ಚಹಾ ಕುಡಿಯೋಣವೆಂದು ಸೋನಾಬಾಯಿ ಅಂದಾಗ, “ಚಹಾಕ್ಕೇನ ಅರ್ಥ ಐತಿ?” ಎಂದು ಆಕ್ಸಲರೇಟರ್ ಒತ್ತಿದ.