ವಿಭೂತಿ ಹಚ್ಚಿದ ಹಗ್ಗ

ಗಿಡ ಸವರುವ ಕೆಲಸಕ್ಕೆ ಹೊಸದಾಗಿ ಇಳಿದವರು ಒಬ್ಬಿಬ್ಬರು ಈಗಲೂ ನಮ್ಮ ಮನೆಗೆ ಬರುತ್ತಾರೆ. ಬರುವುದು ನಮ್ಮ ಮನೆಯವರನ್ನು ಕೇಳಲಿಕ್ಕೆ. ಹಸಿ ಕಟ್ಟಿಗೆಗೆ ಎಂಥ ಗರಗಸ ಬೇಕು, ಕೊಡಲಿಯ ಕಾವು ಎಷ್ಟು ಉದ್ದ ಇರಬೇಕು, ಮಾಲಕರ ಹತ್ತಿರ ಮಾತು ಹೇಗೆ ಆಡಬೇಕು. ಅವರು ಹೇಳಿ ಮುಗಿಸಿದ ಮೇಲೆ ನಾನು ಚಹಾ ಕೊಡುತ್ತ ಒಂದು ಮಾತು ಸೇರಿಸುತ್ತೇನೆ. ಏರುವ ಹಗ್ಗವನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿರಿ, ಹೆಂಡತಿಯ ಕೈಯಾಗೂ ಕೊಡಬೇಡಿರಿ. ಹೂಂ ಅನ್ನುತ್ತಾರೆ, ಯಾಕೆ ಅಂತ ಕೇಳುವುದಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ಇಲ್ಲಿ ಬರೆಯುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಾಗಲಕೋಟೆಯ ಹಳೆ ಊರಿನೊಳಗೆ ನಮ್ಮ ಮನೆ. ನಾನು, ನಮ್ಮ ಮನೆಯವರು, ಅತ್ತೆ, ಮೂರೇ ಜನ. ಇವರಿಗೆ ಹೊಲ ಇಲ್ಲ, ನೌಕರಿ ಇಲ್ಲ. ಗಿಡ ಏರುವುದೇ ಉದ್ಯೋಗ. ನಮ್ಮ ಕಡೆ ಎಷ್ಟು ದೊಡ್ಡ ಮರಕ್ಕೂ ಗಿಡ ಅಂತಲೇ ಅನ್ನುವುದು. ಮಾಳಿಗೆಯ ಮೇಲೆ ಒರಗಿದ ಬೇವು, ಬಾವಿಯೊಳಗೆ ಎಲೆ ಸುರಿಯುವ ಆಲ, ಗಾಳಿ ಬಂದರೆ ಯಾರ ತಲೆ ಮೇಲೋ ಬೀಳುವಂಥ ಒಣ ಟೊಂಗೆ, ಇಂಥವಕ್ಕೆ ಇವರನ್ನು ಕರೆಯುತ್ತಿದ್ದರು. ಹುನಗುಂದ, ಇಳಕಲ್ಲು, ಬಾದಾಮಿ ತನಕ ಹೋಗುತ್ತಿದ್ದರು.

ಇವರದೊಂದು ಪದ್ಧತಿ ಇತ್ತು. ಮೊದಲ ಸಲ ಬರಿಗೈಲೆ ಹೋಗುವುದು. ಕೈಯಲ್ಲಿ ಕೊಡಲಿ ಇದ್ದರೆ ಮಾಲಕರು ಇವತ್ತೇ ಏರು ಎನ್ನುತ್ತಾರೆ, ಹಗ್ಗ ಕಂಡರೆ ಈಗಿಂದೀಗಲೇ ಎನ್ನುತ್ತಾರೆ. ಬರಿಗೈಲೆ ಹೋದರೆ ಗಿಡದ ಸುತ್ತ ನಾಲ್ಕು ಸಲ ತಿರುಗಿ ವಿಚಾರ ಮಾಡಬಹುದು. ಒಮ್ಮೆ ಇಳಕಲ್ಲಿನ ಒಬ್ಬ ನೇಕಾರರು ಕೇಳಿದರಂತೆ, "ಏನ್ರಿ, ಗಿಡಕ್ಕ ಪ್ರದಕ್ಷಿಣಿ ಹಾಕಾಕತ್ತೀರಲ್ಲ, ಹರಕಿ ಏನರ ಹೊತ್ತೀರೇನು?" ಇವರು, "ಮ್ಯಾಲ ಏರಿದ ಮ್ಯಾಲ ವಿಚಾರ ಮಾಡಾಕ ಬರೂದಿಲ್ರಿ, ಅದಕ್ಕ ಕೆಳಗ ಮುಗಿಸಾಕತ್ತೇನಿ" ಅಂದರಂತೆ. ಕಟ್ಟಿಗೆ ಯಾರಿಗೆ, ದಪ್ಪನೆಯದು ಯಾರಿಗೆ, ಸೌದೆ ಯಾರಿಗೆ ಅನ್ನುವುದನ್ನೂ ನೆಲದ ಮೇಲೆ ನಿಂತೇ ನಾಲ್ಕು ಮಂದಿಯ ಎದುರಿಗೆ ಮಾತಾಡುತ್ತಿದ್ದರು. ಟೊಂಗೆ ಬಿದ್ದ ಮೇಲೆ ಎಲ್ಲರ ಕಣ್ಣೂ ಅದರ ಮೇಲೆ ಬೀಳುತ್ತದೆ. ಗಿಡ ಪಕ್ಕದ ಮನೆಯ ಅಂಗಳಕ್ಕೆ ಬಾಗಿದ್ದರೆ ಆ ಮನೆಯವರನ್ನೂ ಕೇಳಬೇಕು. ಕರೆಂಟಿನ ತಂತಿ ಇದ್ದರೆ ಲೈನ್‌ಮನ್ ಬಂದು ಬಂದ್ ಮಾಡುವ ತನಕ ಬೊಡ್ಡೆ ಮುಟ್ಟಬಾರದು. ನುಗ್ಗೆ ಗಿಡವನ್ನಂತೂ ಎಷ್ಟು ಕೈ ಮುಗಿದು ಕೇಳಿದರೂ ಏರಬಾರದು, ಅದು ಹೇಳದೆ ಕೇಳದೆ ಮುರಿಯುತ್ತದೆ.

ಸಂಜೆ ದೇವರ ಮುಂದೆ ದೀಪ ಹಚ್ಚಿ, ಲಿಂಗಪೂಜೆ ಆದ ಮೇಲೆ ನನ್ನವು ಎರಡು ಕೆಲಸ. ಗರಗಸಕ್ಕೆ ಹತ್ತಿದ ಅಂಟನ್ನು ಚಿಮಣಿ ಎಣ್ಣೆಯಲ್ಲಿ ಒರೆಸುವುದು ಒಂದು. ಎರಡನೆಯದು ಹಗ್ಗ ನೋಡುವುದು. ಶಿರೂರಿನ ಒಬ್ಬ ಮುದುಕರು ಪುಂಡಿ ನಾರಿನಲ್ಲಿ ಮೂರು ಎಳೆ ಹೊಸೆದು ಕೊಟ್ಟ ಹಗ್ಗ ಅದು. ಸೊಂಟಕ್ಕೊಂದು ಸುತ್ತು, ಗಿಡಕ್ಕೊಂದು ಸುತ್ತು ಹಾಕಿಕೊಂಡು ಇವರು ಅದರ ಮೇಲೆ ಮೈಭಾರ ಬಿಟ್ಟು, ಎರಡೂ ಕೈಲೆ ಕೊಯ್ಯುತ್ತಿದ್ದರು. ಕಣ್ಣು ಮುಚ್ಚಿ ಈ ತುದಿಯಿಂದ ಆ ತುದಿ ತನಕ ಅದನ್ನು ಬೆರಳೊಳಗೆ ಹಾಯಿಸುತ್ತಿದ್ದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಹತ್ತುತ್ತದೆ. ಇದನ್ನು ಇವರೇ ಕಲಿಸಿದ್ದು. "ನನಗಿಂತ ನಿನ್ನ ಕೈ ಮೆತ್ತಗ ಐತಿ, ನೀ ನೋಡು" ಅಂದಿದ್ದರು. ನನಗೆ ಅದರ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಶ್ರಾವಣದೊಳಗೆ ಇವರು ಇಳಕಲ್ಲಿಗೆ ಗಿಡ ನೋಡಲು ಹೋಗಿದ್ದ ದಿನ. ಹಗ್ಗ ಗೂಟಕ್ಕೆ ತೂಗುಹಾಕಿತ್ತು. ಓಣಿಯ ತುದಿಯ ಮನೆಯ ಹಿರಿಯಾಕೆ ಸೆರಗು ಸಿಗಿಸಿಕೊಂಡು ಬಂದರು.

"ಯವ್ವಾ, ಮಠದ ಬಾವಿ ಹಗ್ಗ ಹರದೈತಿ. ಇವತ್ತ ದಾಸೋಹ, ಇಡೀ ಓಣಿ ಊಟಕ್ಕ ಬರತೈತಿ. ನಿನ್ನ ಗಂಡನ ಹಗ್ಗ ಕೊಡು."

"ಅದು ಗಿಡ ಏರೂ ಹಗ್ಗರೀ ಯವ್ವಾ."

"ಗಿಡ ಏರಿದ್ದು ಬಾವಿ ಇಳದ್ರ ಮೈಲಿಗಿ ಆಕ್ಕೈತೇನ? ಶರಣರ ಪಂಗತಿಗೆ ನೀರಿಲ್ಲ ಅಂತ ಹೇಳಲೇನು ಹೋಗಿ?"

ದಾಸೋಹಕ್ಕೆ ಇಲ್ಲ ಅನ್ನುವ ಬಾಯಿ ನನಗಿರಲಿಲ್ಲ. ತವರಿನಲ್ಲಿ ಹಾಗೆ ಬೆಳೆಸಿರಲಿಲ್ಲ. ಒಳಗಿನಿಂದ ಅತ್ತೆಯೂ, "ಕೊಡ, ಪುಣ್ಯ ಬರ್ತೈತಿ" ಅಂದರು. ಕೊಟ್ಟೆ.

ಹಗ್ಗ ಸಂಜೆಗೆ ತಿರುಗಿ ಬಂತು, ತೊಟ್ಟಿಕ್ಕುತ್ತ. ಆ ಬಾವಿಗೆ ಗಾಲಿ ಇಲ್ಲ, ದಂಡೆಯ ಕಲ್ಲಿನ ಮೇಲೆಯೇ ಎಳೆದಿದ್ದಾರೆ ಇಡೀ ದಿನ. ಇವರು ಬರುವುದರೊಳಗೆ ಒಣಗಿಸಬೇಕೆಂದು ಒಲೆಯ ಮುಂದೆ ಹರವಿದೆ. ಅದು ಎರಡನೆಯ ತಪ್ಪು. ಒದ್ದೆ ನಾರನ್ನು ನೆರಳಿನ ಗಾಳಿಗೆ ಬಿಡಬೇಕು, ಬೆಂಕಿ ತೋರಿಸಿದರೆ ಒಳಗಿಂದೊಳಗೆ ಒಡೆಯುತ್ತದೆ. ಒಣಗಿದ ಮೇಲೆ ಬೆರಳಲ್ಲಿ ಹಾಯಿಸಿದೆ. ನಡುವಿನಲ್ಲಿ ಒಂದು ಕಡೆ, ಗೇಣಿನಷ್ಟು ಜಾಗದಲ್ಲಿ, ಬೆರಳು ನಿಂತಿತು. ಒಂದು ಎಳೆಯ ನಾರು ಎದ್ದು ಒರಟಾಗಿತ್ತು.

ಆಗ ನಾನು ಮಾಡಿದ್ದನ್ನು ನಮ್ಮಂಥ ಭಕ್ತಿಯ ಮನೆಯವರೇ ಮಾಡುವುದು. ದೇವರ ಕೆಲಸಕ್ಕೆ ಹೋಗಿ ಬಂದ ಹಗ್ಗ, ಅದು ಕೈಬಿಡಲಾರದು ಅಂದುಕೊಂಡೆ. ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿ ತೆಗೆದುಕೊಂಡು, ಮಂತ್ರ ಹೇಳುತ್ತ, ಆ ಒರಟು ಜಾಗಕ್ಕೆ ತಿಕ್ಕಿದೆ. ತಿಕ್ಕಿದಷ್ಟೂ ನಾರು ಮಲಗಿ ನುಣುಪಾಯಿತು, ಬೆಳ್ಳಗಾಯಿತು. ನನ್ನ ಜೀವಕ್ಕೆ ಸಮಾಧಾನವೂ ಆಯಿತು.

ಮರುದಿನ ಇವರಿಗೆ ಬಾದಾಮಿಯ ಹತ್ತಿರ ಚೊಳಚಗುಡ್ಡದಲ್ಲಿ ಕೆಲಸ, ಒಂದು ಮನೆಯ ಮೇಲೆ ವಾಲಿದ ಹುಣಸೆ. ಹೊರಡುವಾಗ ಹಗ್ಗ ಸುತ್ತುತ್ತ ಬಿಳಿ ಜಾಗ ನೋಡಿದರು. "ಏನಿದು?"

"ಪೂಜಾ ಮಾಡೇನ್ರೀ."

ಕಣ್ಣಿಗೊತ್ತಿಕೊಂಡು, ಹೆಗಲಿಗೆ ಹಾಕಿಕೊಂಡು ಹೋದರು. ಬೇರೆ ದಿನ ಆಗಿದ್ದರೆ ಹೊರಡುವ ಮುಂಚೆ ತಾವೂ ಒಮ್ಮೆ ಹಿಂಡಿ ನೋಡುತ್ತಿದ್ದರು. ವಿಭೂತಿಯನ್ನು ಯಾರು ಹಿಂಡಿ ನೋಡುತ್ತಾರೆ.

ಇವರು ಹೋದ ಮೇಲೆ ರೊಟ್ಟಿ ಬಡಿಯಲು ಕೂತೆ. ಅವತ್ತು ಹಿಟ್ಟಿಗೆ ಜಿಗಿ ಇರಲಿಲ್ಲ, ಅಂಚು ಬಿರಿಯುತ್ತಿತ್ತು. ಬಿರಿದ ಕಡೆ ಒಣ ಹಿಟ್ಟು ಉದುರಿಸಿ ಸವರಿದೆ, ಬಿರುಕು ಕಾಣದಾಯಿತು. ಹಂಚಿನ ಮೇಲೆ ಹಾಕಿದೆ. ಎತ್ತಿ ತಿರುವುವಾಗ ಅದೇ ಜಾಗದಲ್ಲಿ ಹರಿದು ಎರಡಾಯಿತು. ನಾನು ಹಗ್ಗಕ್ಕೆ ಮಾಡಿದ್ದೂ ಇದೇ.

ಒಲೆಯ ಉರಿ ಹೊರಗೆಳೆದು, ಎರಡು ರೊಟ್ಟಿ ಕಟ್ಟಿಕೊಂಡು ಎದ್ದೆ. ಅತ್ತೆ, "ಎಲ್ಲಿಗಿ ಹೊಂಟಿ?" ಅಂದರು.

"ಬನಶಂಕರಿಗೆ."

"ಇವತ್ತ ಹುಣ್ಣಿವಿ ಅಲ್ಲ, ಅಮಾಸಿ ಅಲ್ಲ. ಒಮ್ಮಿಂದೊಮ್ಮೆ ಏನ ಭಕ್ತಿ ಉಕ್ಕಿತ?"

ಬನಶಂಕರಿ ಗುಡಿ ಚೊಳಚಗುಡ್ಡದ ಹತ್ತಿರವೇ ಇತ್ತು. ದೇವರ ಹೆಸರು ಮುಂದೆ ಮಾಡಿ ಎರಡನೆಯ ಸಲ ಮುಚ್ಚಿಟ್ಟೆ ಅನ್ನುವುದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಬಾದಾಮಿಯ ತನಕ ಆ ಬಸ್ಸು ನಿಂತ ಕಡೆಯೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಕುರಿ ಹಾಯಲು ನಿಂತಿತು, ಚಹಾಕ್ಕೆ ನಿಂತಿತು. ಬಾಯಲ್ಲಿ ಪಂಚಾಕ್ಷರಿ ಹೇಳುತ್ತಿದ್ದೆ. ಅಲ್ಲಿಂದ ಚೊಳಚಗುಡ್ಡಕ್ಕೆ ಇನ್ನೊಂದು ಬಸ್ಸು.

ಹುಣಸೆ ದೂರದಿಂದಲೇ ಕಂಡಿತು, ಅರ್ಧ ಬೋಳಾಗಿತ್ತು. ಇವರು ಇನ್ನೂ ಮೇಲೆ. ನೆಲದಿಂದ ಎರಡಾಳು ಎತ್ತರದ ಕವಲಿಗೆ ಇಳಿದಿದ್ದರು. ಹಗ್ಗ ಸೊಂಟದಲ್ಲಿ. ಗರಗಸದ ಸಪ್ಪಳ ಬರುತ್ತಿತ್ತು. ಗಿಡದ ಕೆಳಗೆ ಹಸಿ ಟೊಂಗೆಗಳನ್ನು ಗುಡ್ಡೆ ಹಾಕಿದ್ದರು. ಅದೂ ಇವರ ಪದ್ಧತಿ. ಕಡಿದದ್ದನ್ನು ಕೆಲಸ ಮುಗಿಯುವ ತನಕ ಸಾಗಿಸಬಾರದು, ತಮ್ಮ ಬುಡಕ್ಕೇ ಒಟ್ಟಬೇಕು. ಮಾಲಕರು ಅಂಗಳ ಗಲೀಜಾಯಿತೆಂದು ಬೈದರೂ ಇವರು ಕೇಳುತ್ತಿರಲಿಲ್ಲ.

ಆ ಮನೆಯ ಮುದುಕರು ಕಟ್ಟೆಯ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿದೆ.

"ಕರೀಲೇನವಾ?"

"ಬ್ಯಾಡ್ರಿ. ಮ್ಯಾಲಿದ್ದವರನ್ನ ಕರೀಬಾರದು."

ಇವರು ಮೊದಲಿನಿಂದಲೂ ಹೇಳಿದ್ದು. ಹೆಸರು ಹಿಡಿದಾಗಲಿ ಹಿಡಿಯದೆ ಆಗಲಿ, ಕೆಳಗಿನಿಂದ ಕೂಗಿದರೆ ಏರಿದವರು ತಿರುಗಿ ನೋಡುತ್ತಾರೆ, ತಿರುಗಿದಾಗ ಕಾಲು ತಪ್ಪುತ್ತದೆ. ಊಟಕ್ಕೆ ಇಳಿಯಲಿ, ಇಳಿದ ಮೇಲೆ ಹೇಳಿದರಾಯಿತು ಅಂತ ಸೆರಗು ಬಿಗಿ ಹಿಡಿದು ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಮುದುಕರು ಒಂದು ತಂಬಿಗೆ ನೀರು ಕೊಟ್ಟರು. ಅದನ್ನು ಕುಡಿಯಲೂ ಇಲ್ಲ, ಇಡಲೂ ಇಲ್ಲ.

ನಾನು ಕೂಗಲಿಲ್ಲ ಖರೆ. ಆದರೆ ಇವರು ಗರಗಸ ನಿಲ್ಲಿಸಿ ಬೆವರು ಒರೆಸಿಕೊಳ್ಳುವಾಗ ಕೆಳಗೆ ನನ್ನ ಸೀರೆಯ ಬಣ್ಣ ಕಂಡಿತು. ಮನೆಯಲ್ಲಿ ಏನೋ ಆಗಿರಬೇಕೆಂದು ಸರಿಯಾಗಿ ನೋಡಲು ಹಿಂದಕ್ಕೆ ಬಾಗಿದರು. ಮೈಭಾರ ಪೂರ್ತಿ ಹಗ್ಗಕ್ಕೆ ಬಿತ್ತು.

ದೊಡ್ಡ ಸಪ್ಪಳ ಏನೂ ಆಗಲಿಲ್ಲ. ಟೊಂಗೆಗಳ ಗುಡ್ಡೆ ಒಮ್ಮೆ ಕುಸಿದು ಮೇಲೆದ್ದಂತೆ ಆಯಿತು. ನನ್ನ ಕೈಯ ತಂಬಿಗೆ ಉರುಳಿತು.

ಉಳಿದರು. ಬಲ ಭುಜ ಮುರಿದಿತ್ತು, ಮೈಯೆಲ್ಲ ತರಚಿತ್ತು. ತಲೆ, ಬೆನ್ನು, ಕಣ್ಣು ಎಲ್ಲ ನೆಟ್ಟಗಿದ್ದವು. ಗರಗಸ ಬೇರೆ ಕಡೆ ಬಿದ್ದಿತ್ತು. ಬಾದಾಮಿ ದವಾಖಾನೆಗೆ ಒಯ್ಯಲು ಆ ಮುದುಕರು ಚಕ್ಕಡಿ ಹೂಡಿಸಿದರು. ದಾರಿಯಲ್ಲಿ ಇವನ್ನೆಲ್ಲ ಒಂದೊಂದಾಗಿ ಎಣಿಸಿ ದೇವರಿಗೆ ಒಪ್ಪಿಸುತ್ತಿದ್ದೆ. ಎಣಿಸುವುದು ನಿಂತರೆ ಬೇರೆ ಮಾತು ನೆನಪಾಗುತ್ತಿತ್ತು. ಹಗ್ಗ ಕೊಟ್ಟವಳು ನಾನು, ಒಲೆಗೆ ಹಿಡಿದವಳು ನಾನು, ಮುಚ್ಚಿದವಳು ನಾನು. ಕೊನೆಗೆ ಕೆಳಗೆ ಬಂದು ನಿಂತವಳೂ ನಾನೇ. ನಾನು ಬರದಿದ್ದರೆ ಅವತ್ತು ಅಷ್ಟು ಬಾಗುತ್ತಲೇ ಇರಲಿಲ್ಲವೇನೋ. ಇಲ್ಲವೆ ಆಮೇಲೊಂದು ದಿನ ಇನ್ನೂ ಎತ್ತರದಿಂದ, ಗುಡ್ಡೆ ಇಲ್ಲದ ಕಡೆ ಬೀಳುತ್ತಿದ್ದರೇನೋ. ಇದನ್ನು ಇಷ್ಟು ವರ್ಷ ತಿರುವಿ ಹಾಕಿದರೂ ನನಗೆ ಬಗೆಹರಿದಿಲ್ಲ.

ನೋಡಲು ಬಂದವರೆಲ್ಲ, ಹರಿದ ಹಗ್ಗದ ಬಿಳಿ ತುದಿ ನೋಡಿ, "ವಿಭೂತಿ ಹಚ್ಚಿದ್ದಕ್ಕ ಜೀವ ಉಳೀತು" ಅಂದರು. ಅತ್ತೆ ಸುದ್ದಿ ಕೇಳಿ ಓಡಿ ಬಂದು ಆ ತುದಿಯನ್ನೇ ಕಣ್ಣಿಗೊತ್ತಿಕೊಂಡರು. "ನನ್ನ ಸೊಸಿ ಭಕ್ತಿ ನನ್ನ ಮಗನ್ನ ಕಾಯ್ತು" ಅಂತ ದವಾಖಾನೆಯ ಮಂದಿಗೆಲ್ಲ ಹೇಳಿದರು.

ಅತ್ತೆ ನೀರು ತರಲು ಹೋದಾಗ ಇವರಿಗೆ ಹೇಳಿದೆ. ಬಾವಿ, ಒಲೆ, ಒರಟು ಜಾಗ, ಎಲ್ಲ. ಇವರು ಗೋಡೆಯ ಕಡೆ ಮುಖ ಮಾಡಿದರು. ಎಡಗೈಯಲ್ಲಿ ಕೊರಳಿನ ಲಿಂಗವನ್ನು ಹಿಡಿದುಕೊಂಡಿದ್ದರು. ನಾನು ಬೈಗುಳ ಬರಲೆಂದು ಕಾಯುತ್ತಿದ್ದೆ.

"ನಿನ್ನ ಬೆರಳಿಗೆ ಹತ್ತಿತ್ತಲ್ಲ" ಅಂದರು ಆಮೇಲೆ.

"ಹತ್ತಿತ್ತು."

"ಹತ್ತಿದ್ದು ಹೇಳಬೇಕಾಗಿತ್ತು. ಕೊಟ್ಟಿದ್ದಕ್ಕ ಏನೂ ಅನ್ನೂದಿಲ್ಲ." ಮುಖ ಈ ಕಡೆ ತಿರುಗಿಸಿ ಮತ್ತೆ, "ಏರಾವ ನಾನು. ನೋಡದ ಏರಿದ್ದು ನನ್ನ ತಪ್ಪು. ಇನ್ನ ಮ್ಯಾಲ ವಿಭೂತಿ ನನ್ನ ಹಣಿಗೆ ಹಚ್ಚು, ಹಗ್ಗಕ್ಕ ಬ್ಯಾಡ."

"ಅತ್ತಿಗೆ ಹೇಳಲೇನ್ರೀ?"

"ಬ್ಯಾಡ. ಆಕಿಗೆ ಅಷ್ಟರ ಸುಖ ಇರಲಿ."

ಅತ್ತೆಯ ಆ ಸುಖ ನನಗೆ ದಿನಾ ಮುಳ್ಳು. ಬಂದು ಹೋದವರಿಗೆಲ್ಲ ಆ ಕಥೆ ಹೇಳುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದೆ.

ಭುಜ ಕೂಡಿತು, ಆದರೆ ಆ ಕೈ ಕಿವಿಗಿಂತ ಮೇಲೆ ಏಳಲಿಲ್ಲ. ದೊಡ್ಡ ಗಿಡ ಬಿಟ್ಟರು. ಹಿಡಿದದ್ದು ಸಣ್ಣ ಕೆಲಸ, ತಗ್ಗಿನ ಟೊಂಗೆ, ಅದೂ ಎಡಗೈಲೆ ಕೊಯ್ಯುವುದನ್ನು ಹೊಸದಾಗಿ ಕಲಿತು. ಬೇರೆಯವರ ಗರಗಸದ ಹಲ್ಲು ತಿದ್ದಿ ಕೊಡಲು ಶುರು ಮಾಡಿದರು. ಹಸಿ ಕಟ್ಟಿಗೆಗೆ ಹಲ್ಲು ಆ ಕಡೆ ಈ ಕಡೆ ಅಗಲ ಬಗ್ಗಿರಬೇಕು, ಇಲ್ಲದಿದ್ದರೆ ಗರಗಸ ನಡುವೆ ಕಚ್ಚಿ ನಿಲ್ಲುತ್ತದೆ. ಟೊಂಗೆಗೆ ಮೊದಲು ಕೆಳಗಿನಿಂದ ಒಂದು ಸಣ್ಣ ಕೊಯ್ತ ಹಾಕಬೇಕು, ಇಲ್ಲದಿದ್ದರೆ ಬೀಳುವಾಗ ತೊಗಟೆ ಸಿಗಿದುಕೊಂಡು ಹೋಗುತ್ತದೆ. ಇವನ್ನೆಲ್ಲ ಗರಗಸ ತಂದವರಿಗೂ ಹೇಳಿಕೊಡುತ್ತಿದ್ದರು. ನೈಲಾನ್ ಹಗ್ಗ ಪೇಟೆಗೆ ಬಂದಾಗ ಒಂದು ತಂದರು. ನೀರಿಗೆ ಹೆದರದ ಹಗ್ಗ, ಆದರೆ ತಿಕ್ಕಿದರೆ ಕಾದು ಕರಗುತ್ತದೆ. ಹಾಗಾಗಿ ಅದನ್ನೂ ದಿನಾ ನೋಡಬೇಕು. ಇವರು ಅದನ್ನು ನನ್ನ ಕೈಗೇ ಕೊಟ್ಟರು. ಮೊದಲ ಸಲ ಎರಡೆರಡು ಬಾರಿ ಹಾಯಿಸಿ ನೋಡಿದೆ. ಆಮೇಲಾಮೇಲೆ, ಏನು ಹತ್ತಿದರೂ ಅಲ್ಲೇ ಬಾಯಿ ಬಿಟ್ಟು ಹೇಳುತ್ತಿದ್ದೆ, ಏನೂ ಇಲ್ಲದ ಕಡೆಯೂ ಹೇಳುತ್ತಿದ್ದೆ.

ಎಂಬತ್ತರ ದಶಕದ ಒಂದು ಶ್ರಾವಣ. ಅದೇ ಹಿರಿಯಾಕೆ ಮತ್ತೆ ಬಾಗಿಲಿಗೆ ಬಂದರು. ಮಠದಲ್ಲಿ ದಾಸೋಹ, ಬಾವಿ ಹಗ್ಗ ಮತ್ತೆ ಹರಿದಿದೆ. ನೈಲಾನ್ ಹಗ್ಗ ಗೂಟದಲ್ಲಿ ಎದುರಿಗೇ ಕಾಣುತ್ತಿತ್ತು.

"ಅದನ್ನ ಕೊಡೂದಿಲ್ರೀ ಯವ್ವಾ."

"ಧರ್ಮದ ಕೆಲಸಕ್ಕ ಇಲ್ಲ ಅಂತೀಯೇನು? ವಿಭೂತಿ ಹಗ್ಗ ಕೊಟ್ಟಾಕಿ ನೀನಽ ಅಲ್ಲೇನು?"

"ನಾನಽರೀ. ಅದಕ್ಕಽ ಇಲ್ಲ ಅನ್ನಾಕತ್ತೇನಿ."

ಅವರು ಮುಖ ತಿರುಗಿಸಿಕೊಂಡು ಹೋದರು. ಒಳಗಿನಿಂದ ಅತ್ತೆ, "ಏನ ಕೇಡ ಬಂತ ನಿನ್ನ ಭಕ್ತಿಗೆ?" ಅಂದರು. ನಾನು ಪೇಟೆಗೆ ಹೋಗಿ ಬಾವಿಗೆಂದೇ ಒಂದು ಹೊಸ ಹಗ್ಗ ಕೊಂಡು, ಮಠಕ್ಕೆ ಹೋದೆ. ಊಟದ ಕೊನೆಯ ಸಾಲು ಏಳುವ ತನಕ ನಾನೇ ನೀರು ಸೇದಿದೆ. ಅಂಗೈ ಬೊಬ್ಬೆ ಬಂದಿತ್ತು. ಸಂಜೆ ದೀಪ ಹಚ್ಚಿ ಕೂತಾಗ, ಆ ಕೈಲೆ ನೈಲಾನ್ ಹಗ್ಗ ಹಾಯಿಸಿದರೆ ಏನೂ ಗೊತ್ತಾಗಲಿಲ್ಲ. ಇವರಿಗೆ ಹಾಗೇ ಹೇಳಿದೆ, ಇವತ್ತು ನನ್ನ ಕೈಗೆ ತಿಳಿಯುವುದಿಲ್ಲ ಅಂತ. ಇವರು ಹಗ್ಗವನ್ನು ತಮ್ಮ ಕಡೆ ಎಳೆದುಕೊಂಡು, ಎಡಗೈಲೆ, ಕಣ್ಣು ಮುಚ್ಚಿ, ತುದಿಯಿಂದ ನೋಡುತ್ತ ಬಂದರು.